ಯರಿ ಮಣ್ಣಾಗ ಓಕ್‌ಲೀಫ್ ಹೈಡ್ರೇಂಜಿಯಾ ಬರ್ತದೇನ್ರಿ? (ಕೈತೋಟ ಪ್ರಶ್ನೋತ್ತರ)

ಈ ಸಲ ಬಂದ ಪತ್ರದಾಗ ಹೈಡ್ರೇಂಜಿಯಾದ್ದೇ ಐದು ಅವ. ಅದೂ ಊಟಿ, ಕೊಡಗಿನ ಕಡೆ ನೋಡ್ತೀವಲ್ಲ ನೀಲಿ ಚೆಂಡಿನಂಥ ಹೂವಿಂದು, ಅದಲ್ಲ. ಓಕ್‌ಲೀಫ್ ಹೈಡ್ರೇಂಜಿಯಾ ಅಂತ, ಎಲಿ ಔಡಲದ ಎಲಿ ಹಂಗ ಸೀಳಿರ್ತದ ಆದ್ರ ಅಷ್ಟು ಚೂಪಿರಂಗಿಲ್ಲ, ಹೂವು ಚೆಂಡಲ್ಲ, ಜ್ವಾಳದ ತೆನಿ ಹಂಗ ಉದ್ದಕ ಬಿಳಿ ಗೊಂಚಲು. ಮೊಬೈಲ್‌ದಾಗ ಆ ಫೋಟೋ ನೋಡಿದ್ರ ಯಾರಿಗಾದ್ರೂ ಆಸೆ ಆಗ್ತದ, ನನಗೂ ಆಗಿತ್ತು. ಅದಕ್ಕ ಬ್ಯಾರೆ ಪ್ರಶ್ನೆಗೋಳು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದೊಂದೇ ಗಿಡದ ಬಗ್ಗೆ ಬರಿಲಿಕ್ಕತ್ತೀನಿ.

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ಮ ತಮ್ಮ ಬೆಂಗಳೂರಿಂದ ಬರುವಾಗ ಓಕ್‌ಲೀಫ್ ಹೈಡ್ರೇಂಜಿಯಾ ತಂದು ಕೊಟ್ಟಾನ. ಅಂಗಳದಾಗಿನ ಫರಸಿ ಒಂದು ಎಬ್ಬಿಸಿ ಅಲ್ಲೇ ಯರಿ (ಕಪ್ಪು) ಮಣ್ಣಾಗ ಜೂನ್‌ದಾಗ ಹಚ್ಚಿದೆ. ಎರಡು ತಿಂಗಳು ಛಲೋ ಇತ್ತು, ಈಗ ಹೊಸ ಎಲಿ ಎಲ್ಲಾ ಹಳದಿ, ನರ ಅಷ್ಟೇ ಹಸರು. ಅಂಚು ಸುಟ್ಟಂಗ ಆಗ್ಯಾವ. ದಿನಾ ಎರಡು ಹೊತ್ತು ನೀರು ಹಾಕ್ತೀನಿ, ಗೊಬ್ಬರಾನೂ ಹಾಕೀನಿ. ಏನು ಕಮ್ಮಿ ಬಿದ್ದದ? (ಕಲಬುರಗಿ)

ಉತ್ತರ: ತಂಗಿ, ಕಮ್ಮಿ ಏನೂ ಬಿದ್ದಿಲ್ಲ, ಜಾಸ್ತಿ ಆಗ್ಯದ. ಸುಣ್ಣ ಜಾಸ್ತಿ, ನೀರು ಜಾಸ್ತಿ.

ನಿಮ್ಮ ಅಂಗಳದ ಫರಸಿ ಶಹಾಬಾದಿ ಕಲ್ಲೇ ಇರ್ತದ, ನಮ್ಮ ಕಡೆ ಯಾರ ಮನಿಯಾಗ ಇಲ್ಲ ಹೇಳ್ರಿ. ಆ ಕಲ್ಲು ಅಂದ್ರನೇ ಸುಣ್ಣದ ಕಲ್ಲು. ಶಹಾಬಾದ, ವಾಡಿ, ಸೇಡಂ ಕಡೆ ಅಷ್ಟು ಸಿಮೆಂಟ್ ಫ್ಯಾಕ್ಟರಿ ಬಂದದ್ದು ಅದೇ ಕಲ್ಲಿನ ಸಲುವಾಗಿ. ಇನ್ನ ಯರಿ ಮಣ್ಣು ಅಗದು ನೋಡಿದ್ರ ಬಿಳಿ ಬಿಳಿ ಹರಳು ಸಿಗ್ತಾವಲ್ಲ, ಅವೂ ಸುಣ್ಣದ್ದೇ. ನಂಬಿಕಿ ಬರ್ಲಿಲ್ಲಾಂದ್ರ ಒಂದು ಮುಟಗಿ ಒಣ ಮಣ್ಣು ತಗೊಂಡು ಅದರ ಮ್ಯಾಲ ಲಿಂಬಿಹಣ್ಣು ಹಿಂಡ್ರಿ, ಇಲ್ಲಾ ವಿನೆಗರ್ ಹಾಕ್ರಿ, ಸರ್ರ್ ಅಂತ ನೊರಿ ಬಂತಂದ್ರ ಸುಣ್ಣ ಅದ ಅಂತನೇ ತಿಳ್ಕೋರಿ. ಈ ಗಿಡ ಅಮೆರಿಕಾದ ಆಗ್ನೇಯ ಭಾಗದ್ದು, ಅಲಬಾಮಾ, ಜಾರ್ಜಿಯಾ ಆ ಕಡಿಂದು, ಅಡವಿಯೊಳಗ ದೊಡ್ಡ ಮರದ ಕೆಳಗ, ಹಳ್ಳದ ದಂಡಿಯ ಇಳಿಜಾರದಾಗ ಬೆಳಿತದ. ವಿಲಿಯಂ ಬಾರ್ಟ್ರಮ್ ಅಂತ ಒಬ್ಬ ಸಸ್ಯ ಹುಡ್ಕೊಂಡು ತಿರಗೋ ಮನಷ್ಯ ಅಲ್ಲೆಲ್ಲಾ ಓಡಾಡಿ 1791ರಾಗ ತನ್ನ ಪ್ರವಾಸದ ಪುಸ್ತಕದಾಗ ಇದರ ಬಗ್ಗೆ ಬರ್ದ. 1999ರಿಂದ ಅಲಬಾಮಾ ರಾಜ್ಯದ ಅಧಿಕೃತ ಕಾಡುಹೂವು ಇದೇ. ಅಲ್ಲಿ ನೆಲದ ಮ್ಯಾಲ ವರ್ಷಾನುಗಟ್ಲೆ ಬಿದ್ದ ಎಲಿ ಕೊಳತು ಮಣ್ಣು ಹಗೂರ ಆಗಿರ್ತದ, ಸ್ವಲ್ಪ ಹುಳಿ ಇರ್ತದ, ಮಳಿ ಬಿದ್ದ್ರ ನೀರು ಜಾರಿ ಹೋಗ್ತದ. ನಮ್ಮ ಯರಿ ಪೂರಾ ಉಲ್ಟಾ. ಪಿಎಚ್ (ಹುಳಿ ಅಳಿಯೋ ಲೆಕ್ಕ, 7ಕ್ಕಿಂತ ಮ್ಯಾಲ ಅಂದ್ರ ಹುಳಿ ಇಲ್ಲ) 8 ಅಥವಾ ಅದಕ್ಕೂ ಮ್ಯಾಲೇ ಇರ್ತದ, ಮಳಿಗಾಲದಾಗ ಅಂಟಾಗಿ ಬೇರಿಗೆ ಉಸರಾಡ್ಲಿಕ್ಕೆ ಜಾಗಾ ಬಿಡಂಗಿಲ್ಲ, ಬ್ಯಾಸಿಗಿದಾಗ ಕೈ ಹೋಗೋ ಅಷ್ಟು ಬಿರಕು ಬಿಟ್ಟು ಸಣ್ಣ ಬೇರೆಲ್ಲಾ ಹರಕೊಂಡು ಹೋಗ್ತದ. ತೊಗರಿ, ಜ್ವಾಳ, ಕಡ್ಲಿಗೆ ಅದು ಬಂಗಾರದಂಥ ಮಣ್ಣು, ಈ ಗಿಡಕ್ಕ ಅಲ್ಲ.

ಹೊಸ ಎಲಿ ಹಳದಿ ಆಗಿ ನರ ಹಸರು ಉಳದದ ಅಂದ್ರಿ ನೋಡ್ರಿ, ಅದು ಕಬ್ಬಿಣಾಂಶ ಸಿಗದಿದ್ರ ಕಾಣೋ ಗುರ್ತು. ಮಣ್ಣಾಗ ಕಬ್ಬಿಣ ಇರ್ತದ ಆದ್ರ ಸುಣ್ಣ ಅದನ್ನ ಕಟ್ಟಿ ಇಡ್ತದ, ಬೇರಿಗೆ ಎಳಕೊಳ್ಳಿಕ್ಕೆ ಬರಂಗಿಲ್ಲ. ಇದನ್ನ ನೋಡಿ ಭಾಳ ಮಂದಿ ಗೊಬ್ಬರ ಕಮ್ಮಿ ಅಂತ ಇನ್ನಷ್ಟು ಯೂರಿಯಾ ಸುರಿತಾರ, ನೀರು ಕಮ್ಮಿ ಅಂತ ಇನ್ನೊಂದು ಬಕೆಟ್ ಹಾಕ್ತಾರ, ಗಿಡ ಅಲ್ಲಿಗೇ ಮುಗಿತದ. ಅಂಚು ಸುಟ್ಟದ್ದು ಬಿಸಿಲಿಂದಷ್ಟೇ ಅಲ್ಲ, ಕೆಳಗ ಬೇರು ಕೊಳಿಲಿಕ್ಕತ್ತಿದ್ರೂ ಹಂಗೇ ಕಾಣ್ತದ, ಬೇರು ಕೊಳತರ ನೀರು ಮ್ಯಾಲ ಏರಂಗಿಲ್ಲ, ಸುತ್ತಲೂ ನೀರಿದ್ರೂ ಗಿಡ ಬಾಯಾರಿ ಸಾಯ್ತದ. ನಾನು ನನ್ನ ಮೊದಲನೇ ಗಿಡ ಹಿಂಗೇ ಕಳಕೊಂಡೆ. ಹಿತ್ತಲದಾಗ ಯರಿ ಮಣ್ಣಿಗೇ ಒಂದು ಬುಟ್ಟಿ ಕೆಂಪು ಮಣ್ಣು ಕಲಸಿ ಹಚ್ಚಿದ್ದೆ, ಗುಂಡಿ ಒಂದು ಗಡಿಗಿ ಹಂಗ ನೀರು ಹಿಡಕೊಂಡು ಕುಂತುಬಿಡ್ತು, ಆಗಸ್ಟ್‌ದಾಗ ಕಿತ್ತು ನೋಡಿದ್ರ ಬೇರೆಲ್ಲಾ ಕಪ್ಪಾಗಿ ಸಿಪ್ಪಿ ಸುಲಕೊಂಡು ಬಂತು. ಆ ವಾಸನಿ ಇನ್ನೂ ನೆನಪದ. ಅದಕ್ಕ ಹೇಳ್ತೀನಿ, ಕಲಬುರಗಿ ನೆಲದಾಗ ಇದನ್ನ ಹಚ್ಚಬ್ಯಾಡ್ರಿ. ಗಂಧಕ ಹಾಕಿ ಮಣ್ಣು ಹುಳಿ ಮಾಡ್ತೀನಿ ಅಂದ್ರೂ ಆಗಂಗಿಲ್ಲ, ಸುಣ್ಣದ ಹರಳು ತುಂಬಿದ ನೆಲ ಎಷ್ಟು ಗಂಧಕ ಹಾಕಿದ್ರೂ ನುಂಗ್ತದ.

ನಿಮ್ಮ ಗಿಡ ಇನ್ನೂ ಉಳಿಸಬಹುದು ಅಂತ ನನಗ ಅನಸ್ತದ. ಈಗ ಮಳಿ ಹಿಂದ ಸರದದ, ಥಂಡಿ ಬರೋದದ, ಗಿಡ ಕಿತ್ತು ಬ್ಯಾರೆ ಕಡೆ ಇಡ್ಲಿಕ್ಕೆ ಇದೇ ಟೈಮ್. ಸಂಜಿ ಮುಂದ ಹುಷಾರಾಗಿ ಎಬ್ಬಿಸಿ, ಬೇರಿನ ಸುತ್ತ ಅಂಟಿದ ಯರಿ ಮಣ್ಣು ಮಳಿ ನೀರಿಲೆ ತೊಳೀರಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಸ್ರಿ, ಬೆಳ್ಳಗಿದ್ದದ್ದು ಬಿಡ್ರಿ. 18 ಇಂಚಿನ ಪಾಟ್ ತಗೋರಿ, ಮಣ್ಣಿಂದು ಇಲ್ಲಾ ಪ್ಲಾಸ್ಟಿಕ್‌ದು. ಸಿಮೆಂಟ್ ಪಾಟ್ ಮಾತ್ರ ಬ್ಯಾಡ, ಅದರಿಂದನೂ ಸುಣ್ಣ ಬಿಡ್ತದ, ಮತ್ತ ಅದೇ ಕಥಿ. ತಳದಾಗ ಫರಸಿ ಚೂರು ಹಾಕೋ ಚಾಳಿ ನಮ್ಮಲ್ಲಿ ಎಲ್ಲಾರಿಗೂ ಅದ, ಅದೂ ಬ್ಯಾಡ, ತೂತಿನ ಮ್ಯಾಲ ಒಂದು ಹೆಂಚಿನ ಚೂರು ಸಾಕು. ಪಾಟಿನ ಮಣ್ಣಿಗೆ ನಾನು ಕಲಸೋದು ಬೀದರ್ ಕಡಿಂದ ಬರೋ ಕೆಂಪು ಮಣ್ಣು ನಾಕು ಬುಟ್ಟಿ, ಚೆನ್ನಾಗಿ ಕೊಳತ ಎಲಿ ಗೊಬ್ಬರ ಮೂರು, ತೆಂಗಿನ ನಾರಿನ ಪುಡಿ ಎರಡು ಬುಟ್ಟಿ (ಎರಡು ಸಲ ನೀರಾಗ ತೊಳದದ್ದು, ಇಲ್ಲಾಂದ್ರ ಅದರಾಗಿನ ಉಪ್ಪು ತ್ರಾಸ ಕೊಡ್ತದ), ದಪ್ಪ ಉಸುಕು ಒಂದು. ಉಸುಕಿಗೂ ಲಿಂಬಿಹಣ್ಣಿನ ಪರೀಕ್ಷೆ ಮಾಡ್ರಿ, ನೊರಿ ಬಂದ್ರ ಬಿಟ್ಟುಬಿಡ್ರಿ. ಹಳದಿ ಎಲಿಗೆ ಅಂಗಡಿಯಾಗ ಚಿಲೇಟೆಡ್ ಐರನ್ (ಬೇರಿಗೆ ಸಿಗೋ ಹಂಗ ಮಾಡಿದ ಕಬ್ಬಿಣ) ಸಿಗ್ತದ, ಅದರಾಗ ಇಡಿಟಿಎ ಅಂತ ಇದ್ದದ್ದು ಸುಣ್ಣದ ಮಣ್ಣಾಗ ಕೆಲಸ ಮಾಡಂಗಿಲ್ಲ, ಇಡಿಡಿಎಚ್‌ಎ ಅಂತ ಬರ್ದದ್ದು ಕೇಳಿ ತಗೋರಿ, ಪಾಕೀಟಿನ ಮ್ಯಾಲ ಹೇಳಿದ ಪ್ರಮಾಣಕ್ಕಿಂತ ಒಂದು ಚಿಟಿಕಿನೂ ಜಾಸ್ತಿ ಬ್ಯಾಡ.

ಇನ್ನ ನೀರಿನ ವಿಷಯ, ಇದು ಎಲ್ಲಾದಕ್ಕಿಂತ ದೊಡ್ಡದು. ಮಣ್ಣು ಎಷ್ಟೇ ಛಲೋ ಮಾಡಿದ್ರೂ ಬೋರಿನ ಗಡಸು ನೀರು ಹಾಕ್ಲಿಕ್ಕತ್ತಿದ್ರ ಒಂದೆರಡು ವರ್ಷದಾಗ ಪಾಟಿನ ಮಣ್ಣೂ ಸುಣ್ಣ ಆಗ್ತದ. ನಿಮ್ಮ ಬಕೆಟ್, ಗೀಜರ್ ಒಳಗ ಬಿಳಿ ಪೊರಿ ಕಟ್ತದಲ್ಲ, ಅದೇ ಗಿಡದ ಬೇರಿಗೂ ಕಟ್ತದ. ಮಳಿ ನೀರು ಹಿಡೀರಿ. 100 ಚದರ ಅಡಿ ತಗಡಿನ ಪತ್ರಾ ಇದ್ದ್ರೂ 10 ಮಿಲಿಮೀಟರ್ ಮಳಿಗೆ 90 ಲೀಟರ್ ಹತ್ರ ಬರ್ತದ, ಎರಡು ಡ್ರಮ್ ತುಂಬಿ ಮುಚ್ಚಿಟ್ರ ಒಂದು ಗಿಡಕ್ಕ ಭಾಳ ದಿನ ಆಗ್ತದ. ಎಸಿ ಇದ್ದವರು ಅದರಿಂದ ಹನಿ ಹನಿ ಬೀಳೋ ನೀರು ಹಿಡೀರಿ, ಅದರಾಗ ಉಪ್ಪು ಇರಂಗಿಲ್ಲ. ಆದ್ರ ಕೂಲರ್ ತಳದಾಗ ಉಳದ ನೀರು ಹಾಕಬ್ಯಾಡ್ರಿ, ಆರ್‌ಓ ಫಿಲ್ಟರ್ ಬಿಡೋ ವೇಸ್ಟ್ ನೀರೂ ಬ್ಯಾಡ, ಎರಡರಾಗೂ ಉಪ್ಪು ಇನ್ನೂ ಗಟ್ಟಿ ಆಗಿರ್ತದ, ನೀರು ಉಳಸ್ತೀವಿ ಅಂತ ಒಳ್ಳೆ ಮನಸ್ಸಿಲೆ ಹಾಕಿ ಗಿಡ ಕಳಕೊಂಡವರನ್ನ ಎಷ್ಟೋ ಮಂದಿನ್ನ ನೋಡೀನಿ. ದಿನಾ ಎರಡು ಹೊತ್ತು ಅನ್ನೋ ಲೆಕ್ಕಾನೂ ಬಿಡ್ರಿ. ಬೆರಳು ಎರಡು ಇಂಚು ಒಳಗ ಹಾಕಿ ನೋಡ್ರಿ, ಒಣಗಿದ್ರ ತಳದಿಂದ ಹರಿಯೋ ತನಕ ಹಾಕ್ರಿ, ಹಸಿ ಇದ್ದ್ರ ಮುಟ್ಟಬ್ಯಾಡ್ರಿ. ಮಧ್ಯಾಹ್ನ ಎಲಿ ಜೋಲು ಬಿದ್ದದ ಅಂತ ಓಡಿ ಹೋಗಿ ನೀರು ಹಾಕಬ್ಯಾಡ್ರಿ, ಸಂಜಿಗೆ ತಾನೇ ಎದ್ದು ನಿಂತ್ರ ಅದಕ್ಕ ನೀರು ಬೇಕಿರಲಿಲ್ಲ ಅಂತ ಅರ್ಥ.

ಪ್ರಶ್ನೆ: ನಾನು ಬೀದರ್‌ದಾಗ ರಿಟೈರ್ಡ್ ಮಾಸ್ತರು. ನಮ್ಮದು ಕೆಂಪು ಮಣ್ಣಿನ ಜಾಗ. ಓಕ್‌ಲೀಫ್ ಹೈಡ್ರೇಂಜಿಯಾ ಹಚ್ಚಿ ಮೂರು ವರ್ಷ ಆತು, ಎಲಿ ಭಾಳ ಛಂದ ಬಂದಾವ, ನಾಕು ಅಡಿ ಬೆಳದದ. ಆದ್ರ ಒಂದು ಹೂವೂ ಇಲ್ಲ. ಗುಲಾಬಿ ಜೊತಿಗೇ ದಸರಾ ಆದ ಮ್ಯಾಲ ತಪ್ಪದೇ ಕಟಿಂಗ್ ಮಾಡ್ತೀನಿ. ಏನು ಮಾಡ್ಬೇಕು?

ಉತ್ತರ: ಸರ್, ನಮಸ್ಕಾರ. ನಿಮ್ಮ ಪತ್ರ ಓದಿ ಖುಷಿ ಆತು, ಯಾಕಂದ್ರ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲಾದಾಗ ಈ ಗಿಡಕ್ಕ ಎಲ್ಲಿಯಾದ್ರೂ ಒಂದಿಷ್ಟು ಜಾಗಾ ಅದ ಅಂದ್ರ ನಿಮ್ಮ ಬೀದರ್ ಸುತ್ತಮುತ್ತನೇ. ಔರಾದ, ಭಾಲ್ಕಿ ಕಡೆ ಹೋದ್ರ ಮತ್ತ ಯರಿನೇ, ಆದ್ರ ಬೀದರ್ ಊರು ಕುಂತಿರೋದು ಜಂಬಿಟ್ಟಿಗೆ ಕಲ್ಲಿನ ಮ್ಯಾಲ, ಕೋಟೆ ಸುತ್ತ ಮೂರು ಸುತ್ತಿನ ಕಂದಕ ಕಡದದ್ದೂ ಅದೇ ಕಲ್ಲಿನಾಗ. ಆ ಕಲ್ಲಿನ ಮಣ್ಣಿನಾಗ ಕಬ್ಬಿಣ ಅದ, ಸುಣ್ಣ ಕಮ್ಮಿ, ನೀರು ನಿಲ್ಲಂಗಿಲ್ಲ. ಎತ್ತರಾನೂ ಕಲಬುರಗಿಗಿಂತ ಇನ್ನೂರು ಮೀಟರ್ ಹತ್ರ ಜಾಸ್ತಿ ಅದ.

ಹೂವು ಬರ್ದಿರೋದಕ್ಕ ಮೊದಲನೇ ಕಾರಣ ನಿಮ್ಮ ಕತ್ರಿನೇ ಸರ್. ಗುಲಾಬಿ ಹೊಸ ಚಿಗುರಿನಾಗ ಹೂ ಬಿಡ್ತದ, ಅದಕ್ಕ ದಸರಾ ಆದ ಮ್ಯಾಲ ಕತ್ತರಸೋದು ಸರಿನೇ. ಇದು ಹಂಗಲ್ಲ, ಹಳೇ ಟೊಂಗಿ ಮ್ಯಾಲ ಹೂ ಬಿಡೋ ಗಿಡ. ಮುಂದಿನ ವರ್ಷದ ಹೂವಿನ ಮೊಗ್ಗು ಈ ವರ್ಷದ ಮಳಿಗಾಲದ ಕೊನಿಗೇ ಟೊಂಗಿ ತುದಿಯೊಳಗ ತಯಾರಾಗಿ ಮಲಗಿರ್ತದ, ಕಣ್ಣಿಗೆ ಕಾಣಂಗಿಲ್ಲ. ನೀವು ದಸರಾ ಆದ ಮ್ಯಾಲ ತುದಿ ಕತ್ತರಸಿದಾಗೆಲ್ಲಾ ಮುಂದಿನ ವರ್ಷದ ಹೂವೇ ಕತ್ತರಸೀರಿ. ಮೂರು ವರ್ಷ ಮೂರು ಸಲ. ಈ ವರ್ಷ ಕತ್ರಿ ಹಚ್ಚಬ್ಯಾಡ್ರಿ, ಸತ್ತು ಒಣಗಿದ ಟೊಂಗಿ ಇದ್ದ್ರ ಅಷ್ಟು ತಗೀರಿ. ಹೂವು ಬಂದು ಹೋದ ಮ್ಯಾಲ, ಅದೂ ಕೂಡ್ಲೇ, ಗಿಡ ಅಡ್ಡಾದಿಡ್ಡಿ ಆಗಿದ್ರ ಸ್ವಲ್ಪ ತಿದ್ದಬಹುದು.

ಎರಡನೇದು ಥಂಡಿ. ಈ ಗಿಡ ಚಳಿಗಾಲದಾಗ ಎಲಿ ಉದರಿಸಿ ನಿದ್ದಿ ಮಾಡ್ಬೇಕು, ಅದರ ತವರಿನಾಗ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟೋ ಹಂಗ ಇರ್ತದ. ನಿಮ್ಮಲ್ಲಿ ಡಿಸೆಂಬರ್, ಜನೇವರಿದಾಗ ರಾತ್ರಿ 15, 16 ಡಿಗ್ರಿ ಆಜೂಬಾಜು ಇಳಿತದ, ಕೆಲವು ದಿನ ಇನ್ನೂ ಕೆಳಗ. ಅಲ್ಲಿಯಷ್ಟು ಇಲ್ಲ ಖರೆ, ಆದ್ರ ಇದ್ದಷ್ಟನ್ನಾದ್ರೂ ಗಿಡಕ್ಕ ಪೂರಾ ಸಿಗೋ ಹಂಗ ಮಾಡ್ರಿ. ಆ ಎರಡು ತಿಂಗಳು ಅದರ ಮ್ಯಾಲ ಏನೂ ಹೊದಸಬ್ಯಾಡ್ರಿ, ನೀರು ಕಮ್ಮಿ ಮಾಡ್ರಿ, ಗೊಬ್ಬರ ಪೂರಾ ಬಂದ್ ಮಾಡ್ರಿ. ಎಲಿ ಕೆಂಪಾಗಿ ಉದರಿದ್ರ ರೋಗ ಬಂತು ಅಂತ ಅಂಜಬ್ಯಾಡ್ರಿ, ಅದು ಆ ಗಿಡದ ಸ್ವಭಾವ, ತವರಿನಾಗ ಮಂದಿ ಇದನ್ನ ಹಚ್ಚೋದು ಅರ್ಧ ಆ ಕೆಂಪು ಬಣ್ಣ ನೋಡ್ಲಿಕ್ಕೇ. ಎಲಿ ಉದರಿದ ಮ್ಯಾಲ ಟೊಂಗಿ ನೋಡ್ರಿ, ಸಿಪ್ಪಿ ಪದರ ಪದರಾಗಿ ದಾಲ್ಚಿನ್ನಿ ಬಣ್ಣದಾಗ ಬಿಚ್ಚಕೊಂಡಿರ್ತದ, ಅದೂ ಒಂದು ಚಂದ.

ಇಷ್ಟೆಲ್ಲಾ ಮಾಡಿದ್ರ ಹೂವು ಬರ್ತದ ಅಂತ ಆಣಿ ಮಾಡಿ ಹೇಳಂಗಿಲ್ಲ ಸರ್. ಬಂದ ವರ್ಷ ಬಂತು, ಥಂಡಿ ಸರಿ ಬೀಳಲಾರದ ವರ್ಷ ಎಲಿನೇ ನೋಡ್ಬೇಕು. ಬಂದ್ರ ಮಾತ್ರ ಗೊಂಚಲು ಒಂದೊಂದೂ ಗೇಣುದ್ದ, ಮೊದಲ ಬಿಳಿ, ದಿನಾ ಹೋದಂಗ ಗುಲಾಬಿ, ಕಡಿಗೆ ಒಣ ಎಲಿ ಬಣ್ಣ ಆಗಿ ತಿಂಗಳುಗಟ್ಲೆ ಗಿಡದ ಮ್ಯಾಲೇ ನಿಂತಿರ್ತಾವ.

ಪ್ರಶ್ನೆ: ನೀರು ತಿಳಿ ಮಾಡ್ಲಿಕ್ಕೆ ಹಾಕೋ ಪಟಿಕ ಬುಡಕ್ಕ ಹಾಕಿದ್ರ ಹೈಡ್ರೇಂಜಿಯಾ ಹೂವು ನೀಲಿ ಆಗ್ತದಂತ ಹೌದೇನ್ರಿ? (ಹುಮನಾಬಾದ)

ಉತ್ತರ: ಚೆಂಡಿನಂಥ ಹೂವಿನ ಸಾದಾ ಹೈಡ್ರೇಂಜಿಯಾಕ್ಕ ಹೌದು. ಹುಳಿ ಮಣ್ಣಾಗ ಅಲ್ಯೂಮಿನಿಯಂ ಕರಗಿ ಗಿಡಕ್ಕ ಸಿಗ್ತದ, ಅದರಿಂದ ನೀಲಿ, ಸುಣ್ಣದ ಮಣ್ಣಾಗ ಸಿಗಂಗಿಲ್ಲ, ಅದಕ್ಕ ಗುಲಾಬಿ. ಓಕ್‌ಲೀಫ್‌ಗೆ ಈ ಲೆಕ್ಕ ಇಲ್ಲ, ಏನು ಹಾಕಿದ್ರೂ ಬಿಳಿನೇ, ವಯಸ್ಸಾದಂಗ ಗುಲಾಬಿ. ಸುಮ್ನ ಪಟಿಕ ಹಾಕಿ ಬೇರು ಸುಡಬ್ಯಾಡ್ರಿ.

ಪ್ರಶ್ನೆ: ಅಕ್ಕಾರ, ಯಾದಗಿರಿದಾಗ ನಮ್ಮದು ಎರಡನೇ ಮಾಳಗಿ ಮನಿ, ಟೆರೇಸ್ ಮ್ಯಾಲ ಪಾಟ್‌ದಾಗ ಹಚ್ಬೇಕು ಅಂತ ಮಾಡೀನಿ. ಆನ್‌ಲೈನ್‌ದಾಗ ಬೀಜಾನೂ ಸಿಗ್ತಾವ, ನೀಲಿ, ಕೆಂಪು, ಹಳದಿ ಎಲ್ಲಾ ಬಣ್ಣ ಅವ. ತರಿಸ್ಲೇನು?

ಉತ್ತರ: ತರಿಸಬ್ಯಾಡವ್ವಾ. ಈ ಗಿಡದಾಗ ನೀಲಿ, ಹಳದಿ ಅನ್ನೋದೇ ಇಲ್ಲ, ಹಂಗ ಫೋಟೋ ಹಾಕಿದವರು ಏನು ಕಳಸ್ತಾರೋ ದೇವರೇ ಬಲ್ಲ. ಗಿಡಾನೇ ತಗೊಳ್ಳೋದಿದ್ರೂ ಎಲಿ ನೋಡಿ ತಗೋಬೇಕು, ಸೀಳು ಇರ್ಬೇಕು, ಎಲಿ ಹಿಂದ ಮಸಕು ಬಿಳಿ ನವಿರು ಇರ್ಬೇಕು. ಎಲಿ ಉದ್ದಗುಂಡಗ, ಅಂಚು ಗರಗಸದ ಹಲ್ಲಿನಂಗಿದ್ರ ಅದು ಸಾದಾ ಹೈಡ್ರೇಂಜಿಯಾ.

ಇನ್ನ ಯಾದಗಿರಿ ಟೆರೇಸ್ ಅಂದ್ರಿ. ಮಾರ್ಚ್‌ದಿಂದ ಮಳಿ ಹತ್ತೋ ತನಕ ಅಲ್ಲಿ ಬರಿಗಾಲಿಲೆ ನಿಂತು ನೋಡೀರೇನು? ಏಪ್ರಿಲ್, ಮೇ ತಿಂಗಳದಾಗ 42, 43 ಡಿಗ್ರಿ ಅಂತ ಪೇಪರ್‌ದಾಗ ಬರೋದು ನೆಳ್ಳಿನ ಲೆಕ್ಕ, ಟೆರೇಸ್ ಸ್ಲ್ಯಾಬಿನ ಮ್ಯಾಲ ಅದಕ್ಕಿಂತ ಭಾಳ ಜಾಸ್ತಿ. ಅಲಬಾಮಾದಾಗೂ ಬ್ಯಾಸಿಗಿ ಇರ್ತದ, 33, 34 ಡಿಗ್ರಿ ಆಗ್ತದ, ಆದ್ರ ಅಲ್ಲಿ ಗಾಳಿಯಾಗ ಹಸಿ ಇರ್ತದ, ವರ್ಷ ಪೂರ್ತಿ ಮಳಿ ಬೀಳ್ತಿರ್ತದ. ನಮ್ಮದು ಒಣ ಝಳ. ಇದರ ಎಲಿ ಅಂಗೈಗಿಂತ ದೊಡ್ಡದು, ಆ ಝಳದಾಗ ಎಲಿಯಿಂದ ಹೋಗೋ ನೀರಿನಷ್ಟು ಬೇರು ಎಳ್ಕೊಡ್ಲಿಕ್ಕೆ ಆಗಂಗಿಲ್ಲ. ಬೀದರ್‌ದವರಿಗೆ ಹಚ್ರಿ ಅಂದೆ, ಕಲಬುರಗಿಯವರಿಗೆ ಪಾಟ್‌ದಾಗ ಇಟ್ಟು, ಮುಂಜಾನೆ ಹತ್ತರ ತನಕ ಬಿಸಿಲು ಬೀಳೋ ಮೂಡಣ ದಿಕ್ಕಿನಾಗ, ಬೇವಿನ ಮರದ ನೆಳ್ಳಿಗೆ, ಫರಸಿ ಮ್ಯಾಲ ನೇರ ಇಡದೇ ಇಟ್ಟಂಗಿ ಮ್ಯಾಲ ಎತ್ತಿ, ಪಾಟ್ ಸುತ್ತ ಹಸಿ ಗೋಣಿಚೀಲ ಸುತ್ತಿ ನೋಡ್ರಿ ಅಂತ ಹೇಳ್ತೀನಿ. ನಿಮಗ ಹಚ್ರಿ ಅಂತ ಹೇಳ್ಲಿಕ್ಕೆ ನನಗ ಮನಸ್ಸು ಬರಂಗಿಲ್ಲ. ಗ್ರೀನ್ ನೆಟ್ ಕಟ್ಟಿದ್ರೂ ಬಿಸಿ ಗಾಳಿ ತಡಿಯಂಗಿಲ್ಲ.

ಬೇಕಾದ್ದು ಬಿಳಿಯಿಂದ ಗುಲಾಬಿ ಆಗೋ ಗೊಂಚಲು ಅಂದ್ರ ಮಧುಮಾಲತಿ ಬಳ್ಳಿ ಹಚ್ರಿ. ಸಂಜಿಗೆ ಬಿಳಿ ಅರಳ್ತದ, ಮರುದಿನ ಗುಲಾಬಿ, ಆಮ್ಯಾಲ ಕೆಂಪು, ಮೂರೂ ಬಣ್ಣ ಒಂದೇ ಗೊಂಚಲದಾಗ, ರಾತ್ರಿ ಘಮಾ ಅಂತ ವಾಸನಿ ಬ್ಯಾರೆ. ಓಕ್‌ಲೀಫ್‌ಗೆ ಆ ಘಮ ಇಲ್ಲ. ಸಿಪ್ಪಿ ಸುಲಿಯೋ ಟೊಂಗಿ, ಬ್ಯಾಸಿಗಿದಾಗ ತುದಿಗೆ ಗೊಂಚಲು ಬೇಕಂದ್ರ ನರ್ಸರಿದಾಗ ಲೆಗರ್ಸ್ಟ್ರೋಮಿಯಾ ಇಲ್ಲಾ ಕ್ರೇಪ್ ಮರ್ಟಲ್ ಅಂತ ಕೇಳ್ರಿ, ನಮ್ಮ ಹೊಳೆದಾಸವಾಳದ ತಂಗಿ ಇದ್ದಂಗ, ಬಿಳಿದೂ ಸಿಗ್ತದ, ದೊಡ್ಡ ಪಾಟ್‌ದಾಗ ಬಿಸಿಲಿಗೆ ಅಂಜದೇ ನಿಲ್ತದ. ಇವು ಎರಡನೇ ದರ್ಜೆ ಗಿಡ ಅಂತ ತಿಳ್ಕೋಬ್ಯಾಡ್ರಿ, ನಮ್ಮ ಬಿಸಿಲಾಗ ನಗೋ ಗಿಡ ಅವು.

ಪ್ರಶ್ನೆ: ನಮ್ಮ ಅತ್ತಿಗಿ ಮನಿಯಾಗ ಈ ಗಿಡ ಛಲೋ ಬಂದದ. ಟೊಂಗಿ ತಂದು ಹಚ್ಚಿದ್ರ ಹತ್ತತದೇನು? ಮತ್ತ ಮನಿಯಾಗ ಆಡು ಅವ, ತಿಂದ್ರ ಏನಾದ್ರೂ ಆಗ್ತದ? (ಬಸವಕಲ್ಯಾಣ)

ಉತ್ತರ: ಟೊಂಗಿ ಕಡದು ಹಚ್ಚೋದಕ್ಕಿಂತ ಅಲ್ಲೇ ಬಗ್ಗಿಸಿ ಬೇರು ಬಿಡಿಸೋದು ಸಲೀಸು. ಮಳಿಗಾಲ ಹತ್ತಿದ ಮ್ಯಾಲ ಕೆಳಗಿನ ಎಳಿ ಟೊಂಗಿ ಒಂದು ನೆಲಕ್ಕ ಬಗ್ಗಿಸಿ, ಮಣ್ಣಿಗೆ ತಾಗೋ ಜಾಗಾದಾಗ ಕೆಳಗಿನ ಸಿಪ್ಪಿ ಸ್ವಲ್ಪ ಕೆರದು, ಮಣ್ಣು ಮುಚ್ಚಿ ಮ್ಯಾಲ ಒಂದು ಕಲ್ಲಿಡ್ರಿ. ತುದಿ ಹೊರಗ ಇರ್ಲಿ. ಥಂಡಿ ದಿನ ಮುಗಿಯೋದ್ರಾಗ ಬೇರು ಬಿಟ್ಟಿರ್ತದ, ಮೆಲ್ಲಗ ಎಳದು ನೋಡ್ರಿ, ಗಟ್ಟಿ ಹಿಡದಿದ್ರ ತಾಯಿ ಗಿಡದಿಂದ ಕತ್ತರಿಸಿ ತರಬಹುದು. ಬುಡದಿಂದ ಮರಿ ಗಿಡ ಎದ್ದಿದ್ರ ಬೇರು ಸಮೇತ ಅದನ್ನೇ ಕೇಳಿ ತರ್ರಿ, ಇನ್ನೂ ಛಲೋ.

ಆಡಿಗೆ ಸಿಗದಂಗ ಇಡ್ರಿ. ಹೈಡ್ರೇಂಜಿಯಾ ಜಾತಿಯಾಗ ಎಲಿ, ಮೊಗ್ಗು ಎಲ್ಲಾದರಾಗೂ ವಿಷದ ಅಂಶ ಇರ್ತದ, ಹೊಟ್ಟಿಯಾಗ ಹೋದ್ರ ಸೈನೈಡ್ ಬಿಡೋ ಅಂಥದು. ಒಂದೆರಡು ಎಲಿ ಕಚ್ಚಿದ್ರ ಹೊಟ್ಟಿ ಕೆಡಬಹುದು, ಆಡು ಒಂದೆರಡಕ್ಕ ಬಿಡಂಗಿಲ್ಲ ಅಂತ ನಿಮಗೇ ಗೊತ್ತದ. ತಿಂದು ಉಸರಾಡ್ಲಿಕ್ಕೆ ತ್ರಾಸ ಪಟ್ರ ಇಲ್ಲಾ ಬಾಯಾಗ ನೊರಿ ಬಂದ್ರ ಮನಿ ಔಷಧ ಅಂತ ಟೈಮ್ ಕಳೀಬ್ಯಾಡ್ರಿ, ಸೀದಾ ಪಶು ಡಾಕ್ಟರ್ ಹತ್ರ ಒಯ್ರಿ, ಒಂದು ಎಲಿ ಕೈಯಾಗ ಹಿಡಕೊಂಡೇ ಹೋಗ್ರಿ, ಯಾವ ಗಿಡ ಅಂತ ಅವರಿಗೆ ತಿಳೀಬೇಕು. ಸಣ್ಣ ಮಕ್ಕಳಿದ್ದ ಮನಿಗೂ ಇದೇ ಮಾತು.